ಮಿಸ್ಟ್ ಮತ್ತು ಡೂಮ್: ಒಂದೇ ವರ್ಷದ ಎರಡು ಆಟಗಳು

೧

ಜಗಲಿಯ ಒಂದು ಕೊನೆಯಲ್ಲಿ ಚದುರಂಗಕ್ಕೆ ಕುಳಿತವರು ಒಂದು ಕಾಯನ್ನು ನಡಸುವುದಕ್ಕೆ ಅರ್ಧ ಗಳಿಗೆ ಯೋಚಿಸುವರು. ಅದೇ ಜಗಲಿಯ ಇನ್ನೊಂದು ಕೊನೆಯಲ್ಲಿ ಪಗಡೆಯಾಡುವವರು ದಾಳ ಉರುಳಿದೊಡನೆ ಗಟ್ಟಿಯಾಗಿ ಕೂಗುವರು. ಮೊದಲನೆಯವರಿಗೆ ಎರಡನೆಯವರ ಗದ್ದಲವು ಸಹಿಸದು. ಎರಡನೆಯವರಿಗೆ ಮೊದಲನೆಯವರ ಮೌನವು ಅರ್ಥವಾಗದು. ಆದರೂ ಇವುಗಳಲ್ಲಿ ಯಾವುದು ಆಟ, ಯಾವುದು ಆಟವಲ್ಲ ಎಂಬ ವಿವಾದವನ್ನು ನಮ್ಮ ಮನೆಗಳಲ್ಲಿ ಯಾರೂ ಎತ್ತಿದವರಲ್ಲ. ಮನಸ್ಸಿನ ಹಸಿವು ಬೇರೆ ಬೇರೆ, ಅದಕ್ಕೆ ತಕ್ಕ ಆಹಾರವೂ ಬೇರೆ ಬೇರೆ ಎಂದು ಹಿರಿಯರು ಸುಮ್ಮನಿದ್ದರು. ಇಂತಹ ಸಹನೆಯು ಗಣಕಯಂತ್ರದ ಪರದೆಯ ಮೇಲೆ ಆಡುವ ವಿಡಿಯೋ ಆಟಗಳಿಗೆ ಮಾತ್ರ ಬಹುಕಾಲ ದೊರೆಯಲಿಲ್ಲ. ಹೊರಗಿನವರು ಅವುಗಳೆಲ್ಲವನ್ನೂ ಒಟ್ಟಾಗಿ ಜರೆದರು. ಆಡುವವರಾದರೋ ತಮ್ಮ ತಮ್ಮೊಳಗೇ ಪಂಗಡಗಳಾಗಿ ಒಬ್ಬರ ಆಟವನ್ನು ಇನ್ನೊಬ್ಬರು ಹಳಿದರು.

ಆಟವನ್ನು ವಿಚಾರಕ್ಕೆ ಯೋಗ್ಯವಾದ ವಸ್ತುವೆಂದು ಪಂಡಿತರು ಒಪ್ಪಿಕೊಂಡುದು ಈಚಿನ ಕಾಲದ ಸಂಗತಿಯೇನೂ ಅಲ್ಲ. ಹಾಲೆಂಡ್ ದೇಶದ ಇತಿಹಾಸಕಾರರಾದ ಯೋಹಾನ್ ಹೈಜಿಂಗಾ ಎಂಬವರು ೧೯೩೮ರಲ್ಲಿ ಪ್ರಕಟಿಸಿದ ‘ಹೋಮೋ ಲೂಡೆನ್ಸ್’ ಎಂಬ ಗ್ರಂಥದಲ್ಲಿ, ಮನುಷ್ಯನ ನ್ಯಾಯ, ಯುದ್ಧ, ಕಾವ್ಯ ಮೊದಲಾದವುಗಳೆಲ್ಲದರಲ್ಲಿಯೂ ಆಟದ ಅಂಶವು ಸೇರಿರುವುದೆಂದು ತೋರಿಸಿದರು. ಅವರ ತರುವಾಯ ಫ್ರಾನ್ಸಿನ ರೋಜೇ ಕೈಯ್ವಾ ಎಂಬವರು ೧೯೫೮ರಲ್ಲಿ ಆಟಗಳನ್ನು ನಾಲ್ಕು ಬಗೆಯಾಗಿ ವಿಂಗಡಿಸಿದರು: ಸ್ಪರ್ಧೆಯ ಆಟ, ಅದೃಷ್ಟದ ಆಟ, ವೇಷ ಧರಿಸಿ ಬೇರೊಬ್ಬನಾಗುವ ಆಟ, ಉಯ್ಯಾಲೆಯಂತೆ ತಲೆಸುತ್ತುವ ಸುಖವನ್ನು ಕೊಡುವ ಆಟ. ಸುಖವು ಒಂದೇ ಬಗೆಯದಲ್ಲವೆಂಬುದು ಈ ವಿಂಗಡಣೆಯ ಸಾರ. ವಿಡಿಯೋ ಆಟಗಳಲ್ಲಿ ಈ ಮಾತಿಗೆ ನಿದರ್ಶನವನ್ನು ಹುಡುಕುವವರು ಹೆಚ್ಚು ದೂರ ಹೋಗಬೇಕಾಗಿಲ್ಲ. ೧೯೯೩ನೆಯ ಇಸವಿಯೊಂದೇ ಸಾಕು. ಆ ವರ್ಷದ ಸೆಪ್ಟೆಂಬರ್ ೨೪ರಂದು ಅಮೆರಿಕಾ ದೇಶದಲ್ಲಿ ‘ಮಿಸ್ಟ್’ ಎಂಬ ಆಟವು ಹೊರಬಿತ್ತು. ಅದಾದ ೭೭ ದಿನಗಳಿಗೆ, ಡಿಸೆಂಬರ್ ೧೦ರಂದು, ಅದೇ ದೇಶದಲ್ಲಿ ‘ಡೂಮ್’ ಎಂಬ ಆಟವು ಹೊರಬಿತ್ತು. ಎರಡೂ ಕೀರ್ತಿಯ ಶಿಖರವನ್ನು ಏರಿದುವು. ಆದರೆ ಒಂದನ್ನು ಮೆಚ್ಚಿದವರಲ್ಲಿ ಅನೇಕರಿಗೆ ಮತ್ತೊಂದು ಸೇರಲಿಲ್ಲ. ಅದೇಕೆ, ಅದರಿಂದ ನಾವು ತಿಳಿಯಬೇಕಾದುದೇನು ಎಂಬುದೇ ಪ್ರಕೃತ ಲೇಖನದ ವಿಷಯ.

೨

ಮಿಸ್ಟ್ ಆಟವನ್ನು ರಚಿಸಿದವರು ರ್ಯಾಂಡ್ ಮಿಲ್ಲರ್, ರಾಬಿನ್ ಮಿಲ್ಲರ್ ಎಂಬ ಅಣ್ಣತಮ್ಮಂದಿರು. ವಾಷಿಂಗ್ಟನ್ ಸಂಸ್ಥಾನದ ಸ್ಪೋಕೇನ್ ಪಟ್ಟಣದ ಆಸುಪಾಸಿನಲ್ಲಿ ಅವರು ‘ಸಯಾನ್’ ಎಂಬ ಸಣ್ಣ ಸಂಸ್ಥೆಯನ್ನು ನಡಸುತ್ತಿದ್ದರು. ಅದಕ್ಕೆ ಮುಂಚೆ ಅವರು ಮಾಡಿದ್ದುದೆಲ್ಲ ಎಳೆಯ ಮಕ್ಕಳ ಆಟಗಳು. ೧೯೮೮ರ ‘ದಿ ಮ್ಯಾನ್‌ಹೋಲ್’ ಎಂಬುದರಲ್ಲಿ ಸೋಲುಗೆಲುವುಗಳೇ ಇರಲಿಲ್ಲ; ಮಗುವು ಚಿತ್ರದಿಂದ ಚಿತ್ರಕ್ಕೆ ಅಲೆದಾಡುತ್ತ ಬೆರಗಾಗುವುದೇ ಅದರ ಉದ್ದೇಶ. ಈ ಮಕ್ಕಳ ಅಲೆದಾಟವನ್ನೇ ದೊಡ್ಡವರಿಗೆ ತಕ್ಕಂತೆ ಗಂಭೀರವಾಗಿ ಮಾಡಿದರೆ ಹೇಗೆಂಬ ಆಲೋಚನೆಯಿಂದ ಮಿಸ್ಟ್ ಹುಟ್ಟಿತು. ಜೂಲ್ಸ್ ವರ್ನ್ ಎಂಬ ಫ್ರೆಂಚ್ ಕಾದಂಬರಿಕಾರನ ‘ರಹಸ್ಯದ್ವೀಪ’ದ ಕಥೆಯು ಅವರಿಗೆ ಸ್ಫೂರ್ತಿಯನ್ನು ಕೊಟ್ಟ ಕೃತಿಗಳಲ್ಲೊಂದು.

ಆಟದ ಆರಂಭದಲ್ಲಿ ನಮ್ಮ ಕೈಗೆ ಒಂದು ಪುಸ್ತಕವು ಸಿಕ್ಕುತ್ತದೆ. ಅದರ ಪುಟದಲ್ಲಿರುವ ಚಿತ್ರವನ್ನು ಮುಟ್ಟಿದೊಡನೆ ನಾವು ಒಂದು ನಿರ್ಜನ ದ್ವೀಪದ ಹಡಗುಕಟ್ಟೆಯ ಮೇಲೆ ನಿಂತಿರುತ್ತೇವೆ. ನೀರಿನಲ್ಲಿ ಮುಳುಗಿದ ಒಂದು ಹಡಗು, ಗುಡ್ಡದ ಮೇಲೆ ದೊಡ್ಡ ಹಲ್ಲುಗಾಲಿಗಳು, ಮರಗಳ ನಡುವೆ ಒಂದು ಗ್ರಂಥಾಲಯ. ಮಾತನಾಡುವವರಿಲ್ಲ, ಇದನ್ನು ಮಾಡು, ಅದನ್ನು ಮಾಡಬೇಡ ಎನ್ನುವವರೂ ಇಲ್ಲ. ಗ್ರಂಥಾಲಯದಲ್ಲಿ ಕೆಂಪು ಪುಸ್ತಕವೊಂದು, ನೀಲಿ ಪುಸ್ತಕವೊಂದು ಇರುವುವು. ಒಂದೊಂದರೊಳಗೂ ಒಬ್ಬೊಬ್ಬ ಸೋದರನು ಸೆರೆಯಾಗಿದ್ದು, ತನ್ನನ್ನು ಬಿಡಿಸಬೇಕೆಂದು ಬೇಡುತ್ತ ಇನ್ನೊಬ್ಬನನ್ನು ದೂರುತ್ತಾನೆ. ಯಾರನ್ನು ನಂಬಬೇಕು? ಇದನ್ನು ತಿಳಿಯಲು ನಾಲ್ಕು ಬೇರೆ ಲೋಕಗಳಿಗೆ ಹೋಗಿ, ಅಲ್ಲಿ ಅವರು ವಾಸಿಸಿದ ಕೋಣೆಗಳನ್ನೂ ಬಿಟ್ಟುಹೋದ ವಸ್ತುಗಳನ್ನೂ ನೋಡಿ ಅವರ ಸ್ವಭಾವವನ್ನು ಊಹಿಸಬೇಕು. ಉತ್ತರವನ್ನು ಇಲ್ಲಿ ಹೇಳಿ ಮುಂದೆ ಆಡಲಿರುವವರ ಸುಖವನ್ನು ಕೆಡಿಸುವುದು ಉಚಿತವಲ್ಲ.

ಈ ಆಟದ ನಿರ್ಮಾಣಕ್ರಮವೂ ಗಮನಿಸತಕ್ಕದ್ದು. ಆಪಲ್ ಸಂಸ್ಥೆಯ ಮೆಕಿಂಟಾಷ್ ಯಂತ್ರದಲ್ಲಿ ೧೯೮೭ರಿಂದ ‘ಹೈಪರ್‌ಕಾರ್ಡ್’ ಎಂಬ ಸಾಧನವಿತ್ತು. ಚೀಟಿಗಳ ಕಟ್ಟಿನಂತೆ ಒಂದು ಚಿತ್ರವನ್ನು ಮುಟ್ಟಿದರೆ ಇನ್ನೊಂದು ಚಿತ್ರ ಬರುವಂತೆ ಮಾಡುವುದು ಅದರ ಕೆಲಸ. ಮಿಲ್ಲರ್ ಸೋದರರು ಸುಮಾರು ೨,೫೦೦ ಚಿತ್ರಗಳನ್ನು ಯಂತ್ರದಲ್ಲಿ ರಚಿಸಿ ಹೀಗೆ ಒಂದಕ್ಕೊಂದು ಹೆಣೆದರು. ಅಷ್ಟು ಚಿತ್ರಗಳು ಅಂದಿನ ಫ್ಲಾಪಿಗಳಲ್ಲಿ ಹಿಡಿಸುವಂತಿರಲಿಲ್ಲ. ಆದುದರಿಂದ ಆಗತಾನೇ ಬಳಕೆಗೆ ಬರುತ್ತಿದ್ದ ಸಿಡಿ-ರಾಮ್ ತಟ್ಟೆಯಲ್ಲಿ ಆಟವನ್ನು ಕೊಡಬೇಕಾಯಿತು. ಆ ತಟ್ಟೆಯನ್ನು ಓದುವ ಯಂತ್ರಗಳು ಆಗ ಬಲು ನಿಧಾನ. ಚಿತ್ರವು ಚಲಿಸದು, ಒಂದರ ಹಿಂದೆ ಒಂದು ನಿಂತುನಿಂತು ಬರುವುದು. ಇನ್ನೊಬ್ಬರಾಗಿದ್ದರೆ ಈ ನಿಧಾನವನ್ನು ದೋಷವೆಂದು ಮರೆಮಾಚಲು ಹೆಣಗುತ್ತಿದ್ದರು. ಮಿಲ್ಲರ್ ಸೋದರರು ಅದನ್ನೇ ಗುಣವಾಗಿ ಮಾಡಿಕೊಂಡರು. ಅವಸರವೇ ಇಲ್ಲದ ಲೋಕವನ್ನು ಕಟ್ಟಿ, ಪ್ರತಿಯೊಂದು ಚಿತ್ರದ ಮುಂದೆಯೂ ನಿಂತು ನೋಡುವ ಮನಸ್ಸು ಬರುವಂತೆ ಅಲೆಯ ಸದ್ದು, ಗಾಳಿಯ ಸದ್ದುಗಳನ್ನು ತುಂಬಿದರು. ಸಂಗೀತವನ್ನು ರಚಿಸಿದವರು ರಾಬಿನ್ ಮಿಲ್ಲರ್. ಸೆರೆಯಾದ ಸೋದರರ ವೇಷವನ್ನು ಧರಿಸಿದವರೂ ಈ ಅಣ್ಣತಮ್ಮಂದಿರೇ. ಆಟದ ಪೆಟ್ಟಿಗೆಯಲ್ಲಿ ಬರೆಯದ ಹಾಳೆಗಳ ಒಂದು ಪುಸ್ತಕವನ್ನೂ ಇಟ್ಟುಕೊಟ್ಟರು. ಕಂಡುದನ್ನು ಬರೆದಿಟ್ಟುಕೊಳ್ಳದವನಿಗೆ ಈ ದ್ವೀಪದ ಬಾಗಿಲುಗಳು ತೆರೆಯವೆಂಬುದಕ್ಕೆ ಅದೇ ಸೂಚನೆ.

೩

ಡೂಮ್ ಹುಟ್ಟಿದುದು ಟೆಕ್ಸಾಸ್ ಸಂಸ್ಥಾನದ ಡಲಾಸ್ ನಗರಕ್ಕೆ ಹತ್ತಿರವಿರುವ ಮೆಸ್ಕೀಟ್ ಎಂಬ ಪಟ್ಟಣದಲ್ಲಿ. ಅಲ್ಲಿದ್ದ ‘ಇಡ್ ಸಾಫ್ಟ್‌ವೇರ್’ ಸಂಸ್ಥೆಯೂ ಸಣ್ಣದೇ. ಜಾನ್ ಕಾರ್ಮ್ಯಾಕ್, ಜಾನ್ ರೊಮೆರೋ, ಆಡ್ರಿಯನ್ ಕಾರ್ಮ್ಯಾಕ್, ಟಾಮ್ ಹಾಲ್ ಮೊದಲಾದವರು ಅದರ ಮುಖ್ಯರು. ಆಟಕ್ಕೆ ವಿಸ್ತಾರವಾದ ಕಥೆ ಬೇಕೇ ಬೇಡವೇ ಎಂಬ ವಿಷಯದಲ್ಲಿ ಇವರೊಳಗೆ ಭೇದವುಂಟಾಯಿತು. ಟಾಮ್ ಹಾಲ್ ಅವರು ಕಥೆ, ಪಾತ್ರ, ಸ್ಥಳಗಳನ್ನೆಲ್ಲ ವಿವರಿಸುವ ದೊಡ್ಡ ಬರಹವೊಂದನ್ನು ಸಿದ್ಧಪಡಿಸಿದ್ದರು. ಜಾನ್ ಕಾರ್ಮ್ಯಾಕ್ ಅವರಿಗೆ ಕಥೆಯು ಮುಖ್ಯವಾಗಿ ತೋರಲಿಲ್ಲ. ಆ ಬರಹದ ಬಹುಭಾಗವು ಮೂಲೆಗೆ ಬಿತ್ತು. ಹಾಲ್ ಅವರು ೧೯೯೩ರ ಆಗಸ್ಟಿನಲ್ಲಿ ಸಂಸ್ಥೆಯನ್ನು ಬಿಟ್ಟುಹೋದರು. ಉಳಿದ ಕಥೆಯು ಎರಡು ಮಾತಿನಲ್ಲಿ ಮುಗಿಯುವಂತಹದು: ಮಂಗಳ ಗ್ರಹದ ಉಪಗ್ರಹಗಳ ಮೇಲೆ ನಡೆದ ಪ್ರಯೋಗವೊಂದು ಕೆಟ್ಟು ನರಕದ ಬಾಗಿಲು ತೆರೆಯಿತು, ಬದುಕುಳಿದ ಒಬ್ಬ ಸೈನಿಕನು ಅಲ್ಲಿಂದ ಹೊರಬಂದ ಪಿಶಾಚಗಳೊಡನೆ ಹೋರಾಡಬೇಕು.

ಕಥೆಯಲ್ಲಿ ಉಳಿಸಿದ ಶ್ರಮವನ್ನೆಲ್ಲ ಅವರು ವೇಗದಲ್ಲಿ ವ್ಯಯಮಾಡಿದರು. ಅಂದಿನ ಸಾಮಾನ್ಯ ಗಣಕಯಂತ್ರವು ಒಂದು ಕಟ್ಟಡದ ಒಳಭಾಗವನ್ನು, ನೋಡುವವನು ಓಡುತ್ತಿರುವಾಗ, ಕ್ಷಣಕ್ಷಣಕ್ಕೂ ಹೊಸದಾಗಿ ಬರೆದು ತೋರಿಸಬೇಕಾಗಿತ್ತು. ಯಾವ ಗೋಡೆ ಮುಂದೆ, ಯಾವುದು ಹಿಂದೆ ಎಂಬುದನ್ನು ಪ್ರತಿಸಲವೂ ಎಣಿಸುತ್ತ ಕುಳಿತರೆ ಯಂತ್ರಕ್ಕೆ ಪುರುಸೊತ್ತು ಸಾಲದು. ೧೯೮೦ರಲ್ಲಿ ಫುಕ್ಸ್, ಕೆಡೆಮ್, ನೇಲರ್ ಎಂಬ ಮೂವರು ವಿದ್ವಾಂಸರು ಪ್ರಕಟಿಸಿದ್ದ ಒಂದು ಗಣಿತಕ್ರಮವನ್ನು ಕಾರ್ಮ್ಯಾಕ್ ಅವರು ಇಲ್ಲಿ ಬಳಸಿದರು. ಸ್ಥಳವನ್ನು ಮೊದಲೇ ಎರಡೆರಡು ಭಾಗಗಳಾಗಿ ಸೀಳುತ್ತ ಹೋಗಿ ಮರದ ಕೊಂಬೆಗಳಂತೆ ಜೋಡಿಸಿಟ್ಟರೆ, ಆಟಗಾರನು ಎಲ್ಲಿ ನಿಂತರೂ ಯಾವುದನ್ನು ಮೊದಲು ಬರೆಯಬೇಕೆಂಬುದು ಯಂತ್ರಕ್ಕೆ ಬೇಗ ತಿಳಿಯುವುದು. ಇದಕ್ಕಾಗಿ ಅವರು ಕೆಲವನ್ನು ಬಿಟ್ಟುಕೊಟ್ಟರು. ಡೂಮ್ ಆಟದ ಕಟ್ಟಡಗಳಲ್ಲಿ ಒಂದು ಕೋಣೆಯ ಮೇಲೆ ಇನ್ನೊಂದು ಕೋಣೆಯನ್ನು ಕಟ್ಟುವಂತಿರಲಿಲ್ಲ. ಆದರೆ ಓಟಕ್ಕೆ ಅಡ್ಡಿಯಾಗಲಿಲ್ಲ. ಏರುತಗ್ಗುಗಳೂ ಬೆಳಕುಕತ್ತಲೆಗಳೂ ತಪ್ಪಲಿಲ್ಲ.

ಇದರ ಹಂಚಿಕೆಯೂ ಹೊಸ ಬಗೆಯದು. ಆಟದ ಮೂರು ಕಾಂಡಗಳಲ್ಲಿ ಮೊದಲನೆಯ ಕಾಂಡವನ್ನು, ಅಂದರೆ ಒಂಬತ್ತು ಮಜಲುಗಳನ್ನು, ಬೆಲೆಯಿಲ್ಲದೆ ಕೊಟ್ಟುಬಿಟ್ಟರು. ರುಚಿ ಹತ್ತಿದವರು ಹಣ ತೆತ್ತು ಉಳಿದೆರಡನ್ನು ತರಿಸಿಕೊಳ್ಳಬೇಕು. ಷೇರ್‌ವೇರ್ ಎಂಬುದು ಈ ಪದ್ಧತಿಯ ಹೆಸರು. ಡಿಸೆಂಬರ್ ೧೦ರಂದು ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ಯಂತ್ರವೊಂದಕ್ಕೆ ಜಾಲದ ಮೂಲಕ ಆಟವನ್ನು ಏರಿಸಲು ಹೋದಾಗ, ಅದಕ್ಕಾಗಿ ಕಾದಿದ್ದವರ ನೂಕುನುಗ್ಗಲಿನಿಂದ ಆಟವನ್ನು ಮಾಡಿದವರಿಗೇ ಒಳಗೆ ಪ್ರವೇಶವು ಸಿಕ್ಕಲಿಲ್ಲವೆಂದು ಆ ಕಾಲದ ಚರಿತ್ರೆಯನ್ನು ಬರೆದವರು ಹೇಳಿರುತ್ತಾರೆ. ಒಂದು ಕಚೇರಿಯ ಅಥವಾ ವಿದ್ಯಾಲಯದ ಜಾಲದಲ್ಲಿ ಕೂಡಿಸಿದ ಯಂತ್ರಗಳಲ್ಲಿ ನಾಲ್ವರು ಏಕಕಾಲಕ್ಕೆ ಸೇರಿ ಪಿಶಾಚಗಳೊಡನೆ ಕಾದಬಹುದಾಗಿತ್ತು. ಇಷ್ಟವಿದ್ದರೆ ಒಬ್ಬರೊಡನೊಬ್ಬರೇ ಕಾದಬಹುದಾಗಿತ್ತು.

೪

ಈಗ ಎರಡನ್ನೂ ಎದುರುಬದುರಾಗಿ ಇಟ್ಟು ನೋಡೋಣ. ಎರಡರಲ್ಲಿಯೂ ಆಟಗಾರನು ಹೊರಗೆ ನಿಂತು ಬೊಂಬೆಗಳನ್ನು ನಡಸುವವನಲ್ಲ. ತನ್ನ ಕಣ್ಣಿನಿಂದಲೇ ಆ ಲೋಕವನ್ನು ಕಾಣುವವನು. ಎರಡರಲ್ಲಿಯೂ ಅವನು ಒಂಟಿ. ಅಪರಿಚಿತವಾದ ಸ್ಥಳದಲ್ಲಿ ಇಳಿದವನು. ಬಾಗಿಲುಗಳನ್ನು ತೆರೆಯುತ್ತ ಮುಂದಕ್ಕೆ ಹೋಗಬೇಕಾದವನು. ಸಾಮ್ಯವು ಇಲ್ಲಿಗೆ ಮುಗಿಯುವುದು. ಮಿಸ್ಟ್ ಆಟದಲ್ಲಿ ಸಾವೆಂಬುದಿಲ್ಲ, ಗಡಿಯಾರವಿಲ್ಲ, ಶತ್ರುವಿಲ್ಲ. ಅಲ್ಲಿ ಬಾಗಿಲು ತೆರೆಯುವುದು ತಿಳಿವಿನಿಂದ. ಡೂಮ್ ಆಟದಲ್ಲಿ ಬಾಗಿಲಿನ ಆಚೆ ಏನಿರುವುದೋ ಎಂಬ ಭಯವು ಸದಾ ಇರುವುದು. ಆಟಗಾರನು ಒಂದು ಪಿಸ್ತೂಲು, ಐವತ್ತು ಗುಂಡುಗಳೊಡನೆ ಹೊರಟು ನೂರಾರು ಸಲ ಸತ್ತು ನೂರಾರು ಸಲ ಎದ್ದುಬರುವನು. ಅಲ್ಲಿ ದಾರಿ ತೆರೆಯುವುದು ಕೈಯ ಚುರುಕಿನಿಂದ. ಒಂದರಲ್ಲಿ ಯೋಚಿಸುವವರೆಗೂ ಲೋಕವು ಕಾದಿರುವುದು. ಇನ್ನೊಂದರಲ್ಲಿ ಯೋಚಿಸುವಷ್ಟರಲ್ಲಿ ಲೋಕವು ಮೇಲೆ ಬೀಳುವುದು.

ನಮ್ಮ ಆಲಂಕಾರಿಕರ ಮಾತಿನಲ್ಲಿ ಹೇಳುವುದಾದರೆ ಮಿಸ್ಟ್ ಆಟದ ಪ್ರಧಾನ ರಸವು ಅದ್ಭುತ. ಡೂಮ್ ಆಟದಲ್ಲಿ ವೀರ, ಭಯಾನಕ, ಬೀಭತ್ಸಗಳು ಒಂದರೊಳಗೊಂದು ಬೆರೆತಿರುವುವು. ಆದರೆ ಇಲ್ಲಿ ಒಂದು ವಿಶೇಷವುಂಟು. ಕಾವ್ಯನಾಟಕಗಳಲ್ಲಿ ಸಹೃದಯನು ಇನ್ನೊಬ್ಬನ ಉತ್ಸಾಹವನ್ನೂ ಭಯವನ್ನೂ ಕಂಡು ರಸವನ್ನು ಅನುಭವಿಸುವನು. ಆಟದಲ್ಲಿ ಅವನೇ ಮಾಡಬೇಕು, ಅವನೇ ಎಡವಬೇಕು. ಮಿಸ್ಟ್ ದ್ವೀಪದ ರಹಸ್ಯವೊಂದು ಎರಡು ದಿನ ತಲೆಯನ್ನು ಕೊರೆದು ಮೂರನೆಯ ದಿನ ಹೊಳೆದಾಗ ಆಗುವ ಸಂತೋಷವು, ಕಠಿಣವಾದ ಲೆಕ್ಕವನ್ನು ಬಿಡಿಸಿದ ವಿದ್ಯಾರ್ಥಿಯ ಸಂತೋಷಕ್ಕೆ ಹತ್ತಿರ. ಡೂಮ್ ಆಟದ ಒಂದು ಮಜಲನ್ನು ಕೊನೆಯ ಉಸಿರಿನಲ್ಲಿ ದಾಟಿದವನ ಸಂತೋಷವು ಕಣದಲ್ಲಿ ಗೆದ್ದ ಜಟ್ಟಿಯ ಸಂತೋಷಕ್ಕೆ ಹತ್ತಿರ. ಈ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಹೇಗೆ?

ಇಷ್ಟೇ ಆಗಿದ್ದರೆ ಒಂದು ಶಾಂತಸ್ವಭಾವದವರ ಆಟ, ಇನ್ನೊಂದು ಉಗ್ರಸ್ವಭಾವದವರ ಆಟವೆಂದು ಹೇಳಿ ಮುಗಿಸಬಹುದಾಗಿತ್ತು. ಆಡಿದವರ ನಡತೆಯನ್ನು ನೋಡಿದರೆ ವಿಷಯವು ಅಷ್ಟು ಸುಲಭವಲ್ಲ. ಮಿಸ್ಟ್ ಒಬ್ಬರ ಆಟವಾಗಿ ರಚಿತವಾದುದು. ಆದರೂ ಅನೇಕ ಮನೆಗಳಲ್ಲಿ ಅದನ್ನು ಇಬ್ಬರು ಮೂವರು ಒಂದೇ ಪರದೆಯ ಮುಂದೆ ಕುಳಿತು ಆಡಿದರು: ಒಬ್ಬರು ಮೌಸ್ ಹಿಡಿಯುವರು, ಒಬ್ಬರು ಪುಸ್ತಕದಲ್ಲಿ ಗುರುತು ಬರೆಯುವರು, ಇನ್ನೊಬ್ಬರು ಹಿಂದಿನಿಂದ ಊಹೆಗಳನ್ನು ಹೇಳುವರು. ಬೇರೆ ಆಟಗಳನ್ನು ಎಂದೂ ಮುಟ್ಟದವರು ಅದನ್ನು ಮುಟ್ಟಿದರು. ಡೂಮ್ ಕೊಲ್ಲುವ ಆಟವೆಂದು ಹೆಸರಾದುದು. ಆದರೂ ರಾತ್ರಿಯೆಲ್ಲ ಒಬ್ಬರನ್ನೊಬ್ಬರು ಪರದೆಯ ಮೇಲೆ ಕೊಂದುಕೊಂಡವರು ಬೆಳಗಾಗುವಾಗ ಗೆಳೆಯರಾಗಿರುತ್ತಿದ್ದರು. ಒಂದೊಂದು ಮಜಲಿನ ಕೊನೆಯಲ್ಲಿಯೂ ಡೂಮ್ ಒಂದು ಲೆಕ್ಕವನ್ನು ತೋರಿಸುವುದು: ಕೊಂದ ಶತ್ರುಗಳೆಷ್ಟು, ಕೂಡಿಸಿದ ವಸ್ತುಗಳೆಷ್ಟು, ಕಂಡುಹಿಡಿದ ಗುಪ್ತಸ್ಥಳಗಳೆಷ್ಟು, ಹಿಡಿದ ಕಾಲವೆಷ್ಟು. ಇದರಲ್ಲಿ ಯಾವ ಅಂಕಿಯ ಮೇಲೆ ಕಣ್ಣಿಡುವನೆಂಬುದರಿಂದ ಆಟಗಾರನ ರುಚಿಯು ತಿಳಿಯುವುದು. ಗೋಡೆಗಳನ್ನು ತಡವುತ್ತ ಗುಪ್ತದ್ವಾರಗಳನ್ನು ಹುಡುಕುವವನು ಡೂಮ್ ಆಟದೊಳಗೇ ಮಿಸ್ಟ್ ಆಡುತ್ತಿರುವವನು. ಒಬ್ಬ ಶತ್ರುವನ್ನೂ ಕೊಲ್ಲದೆ, ಹೊಡೆತಗಳ ನಡುವೆ ನುಸುಳಿಕೊಂಡು ಮಜಲನ್ನು ದಾಟುವುದನ್ನೇ ಪಣವಾಗಿ ಮಾಡಿಕೊಂಡ ಆಟಗಾರರೂ ಉಂಟು; ತಮ್ಮ ಕ್ರಮಕ್ಕೆ ಅವರು ಶಾಂತಿವಾದಿಯ ಆಟವೆಂದೇ ಹೆಸರಿಟ್ಟಿರುವರು. ಅತ್ತ ಮಿಸ್ಟ್ ಆಟದ ಅಂತ್ಯದ ಗುಟ್ಟನ್ನು ಬಲ್ಲವರು ಕೆಲವು ನಿಮಿಷಗಳಲ್ಲಿಯೇ ಅದನ್ನು ಮುಗಿಸಿ, ಯಾರು ಬೇಗ ಎಂದು ಪಂದ್ಯ ಕಟ್ಟುವರು. ಧ್ಯಾನಕ್ಕೆಂದು ಕಟ್ಟಿದ ಮಂದಿರದಲ್ಲಿ ಓಟದ ಪಂದ್ಯ, ರಣರಂಗದಲ್ಲಿ ಅಹಿಂಸಾವ್ರತ! ಎಲೆ ಹಾಕಿ ಬಡಿಸುವುದು ರಚಿಸಿದವನ ಕೆಲಸ. ಯಾವುದನ್ನು ಮೊದಲು ಕೈಗೆತ್ತಿಕೊಳ್ಳಬೇಕೆಂಬುದು ಉಣ್ಣುವವನ ಇಷ್ಟ.

೫

ಆದರೆ ಸಮಕಾಲೀನರು ಹೀಗೆ ನೋಡಲಿಲ್ಲ. ಚುರುಕಾದ ಆಟಗಳಿಗೆ ಒಗ್ಗಿದವರು ಮಿಸ್ಟ್ ಆಟವನ್ನು ಚಿತ್ರಗಳ ಮೆರವಣಿಗೆಯೆಂದೂ ಇದರಲ್ಲಿ ಆಡುವುದೇನೂ ಇಲ್ಲವೆಂದೂ ಹಾಸ್ಯಮಾಡಿದರು. ಶಾಂತವಾದ ಆಟಗಳನ್ನು ಬಯಸಿದವರು ಡೂಮ್ ಆಟವನ್ನು ಕೇವಲ ಕಸಾಯಿಖಾನೆಯೆಂದು ಹಳಿದರು. ಎರಡು ಪಕ್ಷದವರೂ ಮಾಡಿದ ತಪ್ಪು ಒಂದೇ. ತಮಗೆ ಬೇಕಾದ ಸುಖವನ್ನು ಅಳತೆಗೋಲಾಗಿ ಹಿಡಿದು, ಆ ಸುಖವನ್ನು ಕೊಡಲು ಹೊರಡದೆಯೇ ಇದ್ದ ಆಟವನ್ನು ಅಳೆದರು. ಚದುರಂಗದಲ್ಲಿ ದಾಳವಿಲ್ಲವೆಂದು ದೂರುವುದೂ ಪಗಡೆಯಲ್ಲಿ ಮೌನವಿಲ್ಲವೆಂದು ದೂರುವುದೂ ಇಂತಹವೇ.

ಈ ವಿವಾದವು ರಸಿಕರ ಜಗಳವಾಗಿಯೇ ಉಳಿಯಲಿಲ್ಲ. ಶಾಸನಸಭೆಗೂ ನ್ಯಾಯಸ್ಥಾನಕ್ಕೂ ಹೋಯಿತು. ೧೯೯೩ರ ಡಿಸೆಂಬರ್ ೯ರಂದು, ಎಂದರೆ ಡೂಮ್ ಹೊರಬೀಳುವುದಕ್ಕೆ ಸರಿಯಾಗಿ ಒಂದು ದಿನ ಮುಂಚೆ, ಅಮೆರಿಕಾದ ಸೆನೆಟ್ ಸಭೆಯಲ್ಲಿ ಹಿಂಸಾತ್ಮಕವಾದ ವಿಡಿಯೋ ಆಟಗಳ ವಿಷಯವಾಗಿ ವಿಚಾರಣೆಯು ನಡೆಯಿತು. ಜೋಸೆಫ್ ಲೀಬರ್ಮನ್, ಹರ್ಬರ್ಟ್ ಕೋಲ್ ಎಂಬ ಸದಸ್ಯರು ಅದರಲ್ಲಿ ಮುಖ್ಯರಾಗಿದ್ದರು. ಅಂದಿನ ಚರ್ಚೆಗೆ ಗುರಿಯಾದುವು ‘ಮಾರ್ಟಲ್ ಕಾಂಬ್ಯಾಟ್’, ‘ನೈಟ್ ಟ್ರ್ಯಾಪ್’ ಮೊದಲಾದ ಬೇರೆ ಆಟಗಳು. ಅದರ ಫಲವಾಗಿ ಆಟಗಳನ್ನು ಮಾಡುವವರೇ ಸೇರಿ ೧೯೯೪ರಲ್ಲಿ ಒಂದು ಮಂಡಲಿಯನ್ನು ಸ್ಥಾಪಿಸಿ, ಯಾವ ಆಟವು ಯಾವ ವಯಸ್ಸಿನವರಿಗೆ ತಕ್ಕುದೆಂಬ ಗುರುತನ್ನು ಪೆಟ್ಟಿಗೆಗಳ ಮೇಲೆ ಮುದ್ರಿಸುವ ಪದ್ಧತಿಯನ್ನು ಆರಂಭಿಸಿದರು.

೧೯೯೯ರ ಏಪ್ರಿಲ್ ೨೦ರಂದು ಕೊಲೊರಾಡೋ ಸಂಸ್ಥಾನದ ಕೊಲಂಬೈನ್ ಪ್ರೌಢಶಾಲೆಯಲ್ಲಿ ಇಬ್ಬರು ವಿದ್ಯಾರ್ಥಿಗಳು ಗುಂಡು ಹಾರಿಸಿ ಹನ್ನೆರಡು ಮಂದಿ ಸಹಪಾಠಿಗಳನ್ನೂ ಒಬ್ಬ ಅಧ್ಯಾಪಕರನ್ನೂ ಕೊಂದರು. ಆ ಇಬ್ಬರೂ ಡೂಮ್ ಆಡುತ್ತಿದ್ದರೆಂಬುದು ತಿಳಿದೊಡನೆ ಆಟದ ಹೆಸರು ಪತ್ರಿಕೆಗಳಲ್ಲೆಲ್ಲ ಹಬ್ಬಿತು. ಮಕ್ಕಳನ್ನು ಕಳೆದುಕೊಂಡವರ ದುಃಖದ ಮುಂದೆ ಆಟದ ಪರವಾಗಿ ವಾದಿಸುವುದು ಯಾರಿಗೂ ಸುಲಭವಲ್ಲ. ಅಂತಹ ಸಮಯದಲ್ಲಿ ಕಾರಣವನ್ನು ಹುಡುಕುವುದು ಮನುಷ್ಯಸಹಜವಾದುದು. ಆದರೆ ಅದೇ ಆಟವನ್ನು ಆಡಿದ ಲಕ್ಷಾಂತರ ಮಂದಿ ಯಾರಿಗೂ ಕೇಡು ಮಾಡಲಿಲ್ಲವೆಂಬುದನ್ನೂ ಮರೆಯುವಂತಿಲ್ಲ. ಆಟಗಳ ಸಂಸ್ಥೆಗಳ ಮೇಲೆ ಹೂಡಿದ ದಾವೆಯು ೨೦೦೨ರಲ್ಲಿ ವಜಾ ಆಯಿತು. ಮುಂದೆ ಕ್ಯಾಲಿಫೋರ್ನಿಯಾ ಸಂಸ್ಥಾನವು ಹಿಂಸಾತ್ಮಕವಾದ ಆಟಗಳನ್ನು ಬಾಲಕರಿಗೆ ಮಾರಕೂಡದೆಂದು ೨೦೦೫ರಲ್ಲಿ ಮಾಡಿದ ಶಾಸನವನ್ನು, ಆ ದೇಶದ ಪರಮೋಚ್ಚ ನ್ಯಾಯಾಲಯವು ೨೦೧೧ರಲ್ಲಿ ಏಳು ಮಂದಿ ನ್ಯಾಯಾಧೀಶರ ಬಹುಮತದಿಂದ ರದ್ದುಮಾಡಿತು. ಇಬ್ಬರು ಭಿನ್ನಾಭಿಪ್ರಾಯವನ್ನು ಕೊಟ್ಟರು. ಪುಸ್ತಕ, ನಾಟಕ, ಚಲಚ್ಚಿತ್ರಗಳಂತೆ ವಿಡಿಯೋ ಆಟವೂ ಭಾವಗಳನ್ನು ತಿಳಿಸುವ ಮಾಧ್ಯಮವಾದುದರಿಂದ ಅವುಗಳಿಗಿರುವ ಸ್ವಾತಂತ್ರ್ಯವು ಇದಕ್ಕೂ ಉಂಟೆಂಬುದು ಆ ತೀರ್ಪಿನ ಅಭಿಪ್ರಾಯ. ಎಲ್ಲ ಆಟಗಳೂ ಎಲ್ಲ ವಯಸ್ಸಿಗೂ ಹಿತವೆಂದು ಇದರಿಂದ ಅರ್ಥವಾಗದು. ಮಗುವಿನ ಕೈಗೆ ಯಾವುದನ್ನು ಕೊಡಬೇಕೆಂಬ ವಿವೇಚನೆಯು ಮನೆಯ ಹಿರಿಯರ ಕರ್ತವ್ಯವಾಗಿಯೇ ಉಳಿದಿರುವುದು.

೬

ಆಟಗಾರರ ರುಚಿಭೇದವನ್ನು ಕ್ರಮವಾಗಿ ವಿಚಾರಿಸಿದವರಲ್ಲಿ ಇಂಗ್ಲೆಂಡಿನ ರಿಚರ್ಡ್ ಬಾರ್ಟಲ್ ಎಂಬವರು ಪ್ರಸಿದ್ಧರು. ಇವರೂ ರಾಯ್ ಟ್ರಬ್‌ಷಾ ಎಂಬವರೂ ಎಸೆಕ್ಸ್ ವಿಶ್ವವಿದ್ಯಾನಿಲಯದಲ್ಲಿ ವಿದ್ಯಾರ್ಥಿಗಳಾಗಿದ್ದಾಗ, ೧೯೭೮ರಲ್ಲಿ ಆರಂಭಿಸಿ, ಅನೇಕರು ಒಂದೇ ಕಾಲದಲ್ಲಿ ಆಡಬಹುದಾದ ‘ಮಡ್’ ಎಂಬ ಆಟವನ್ನು ರಚಿಸಿದರು. ಅದರಲ್ಲಿ ಚಿತ್ರಗಳಿಲ್ಲ, ಮಾತುಗಳು ಮಾತ್ರ. ಇಂತಹ ಆಟಗಳನ್ನು ಆಡುವವರನ್ನು ಬಹುಕಾಲ ನೋಡಿದ ಮೇಲೆ ಬಾರ್ಟಲ್ ಅವರು ೧೯೯೬ರಲ್ಲಿ ಒಂದು ಲೇಖನವನ್ನು ಬರೆದು, ಆಟಗಾರರನ್ನು ಇಸ್ಪೀಟಿನ ನಾಲ್ಕು ರಂಗುಗಳಿಗೆ ಹೋಲಿಸಿ ವಿಂಗಡಿಸಿದರು. ಗುರಿಗಳನ್ನು ಮುಟ್ಟಿ ಅಂಕಗಳನ್ನು ಕೂಡಿಸುವವರು ಒಂದು ಬಗೆ. ಲೋಕದ ಮೂಲೆಮೂಲೆಯನ್ನೂ ಹುಡುಕಿ ಅದರ ನಿಯಮವನ್ನು ತಿಳಿಯುವವರು ಒಂದು ಬಗೆ. ಜೊತೆಯವರೊಡನೆ ಮಾತುಕತೆಯಲ್ಲಿಯೇ ಸುಖ ಕಾಣುವವರು ಒಂದು ಬಗೆ. ಜೊತೆಯವರನ್ನು ಸದೆಬಡಿಯುವುದರಲ್ಲಿ ಸುಖ ಕಾಣುವವರು ಇನ್ನೊಂದು ಬಗೆ.

ಬಾರ್ಟಲ್ ಅವರು ಇದನ್ನು ಹೇಳಿದುದು ತಮ್ಮ ಬಗೆಯ ಆಟಗಳಿಗೆ ಮಾತ್ರ. ಆದರೂ ನಮ್ಮ ಎರಡು ಆಟಗಳನ್ನು ಅರಿಯಲು ಇದು ತಕ್ಕಮಟ್ಟಿಗೆ ಸಹಾಯಕವಾಗುವುದು. ಮಿಸ್ಟ್ ಮುಖ್ಯವಾಗಿ ಎರಡನೆಯ ಬಗೆಯವರನ್ನು ತಣಿಸುವುದು. ಡೂಮ್ ಒಂದನೆಯ ಮತ್ತು ನಾಲ್ಕನೆಯ ಬಗೆಯವರನ್ನು ತಣಿಸಿ, ಗುಪ್ತಸ್ಥಳಗಳ ಮೂಲಕ ಎರಡನೆಯವರನ್ನೂ ಕೂಡಿ ಆಡುವುದರ ಮೂಲಕ ಮೂರನೆಯವರನ್ನೂ ಸ್ವಲ್ಪಮಟ್ಟಿಗೆ ಕರೆಯುವುದು. ಆದರೆ ಇಂತಹ ವಿಂಗಡಣೆಯನ್ನು ಜಾತಿಯಂತೆ ಹುಟ್ಟಿನಿಂದ ಅಂಟಿದುದೆಂದು ತಿಳಿಯಕೂಡದು. ದಿನವೆಲ್ಲ ಲೆಕ್ಕಪತ್ರಗಳಲ್ಲಿ ತಲೆಯನ್ನು ದಣಿಸಿಕೊಂಡು ಬಂದವನಿಗೆ ಸಂಜೆ ಡೂಮ್ ಹಿತವಾಗಬಹುದು; ಅವನಿಗೇ ರಜದ ದಿನದಲ್ಲಿ, ಹೊರಗೆ ಮಳೆ ಬೀಳುತ್ತಿರುವಾಗ, ಮಿಸ್ಟ್ ಹಿತವಾಗಬಹುದು. ಬೆಳಗಿನ ರಾಗವನ್ನು ರಾತ್ರಿ ಹಾಡದ ನಾವು ಇದನ್ನು ಬೇರೆಯವರಿಂದ ಕಲಿಯಬೇಕಾಗಿಲ್ಲ.

೭

ಇನ್ನು ಕಾಲವು ಈ ಎರಡನ್ನು ಹೇಗೆ ನಡೆಯಿಸಿಕೊಂಡಿತೆಂಬುದನ್ನು ನೋಡಿ ಲೇಖನವನ್ನು ಮುಗಿಸಬಹುದು. ಮಿಸ್ಟ್ ಅರುವತ್ತು ಲಕ್ಷಕ್ಕೂ ಹೆಚ್ಚು ಪ್ರತಿಗಳು ಮಾರಿದುವು. ೨೦೦೨ರಲ್ಲಿ ‘ದಿ ಸಿಮ್ಸ್’ ಎಂಬ ಆಟವು ಮೀರಿಸುವವರೆಗೂ, ಮನೆಯ ಗಣಕಯಂತ್ರಗಳ ಆಟಗಳಲ್ಲಿ ಮಾರಾಟದಲ್ಲಿ ಅದಕ್ಕೇ ಮೊದಲನೆಯ ಸ್ಥಾನವಿತ್ತು. ೧೯೯೭ರಲ್ಲಿ ‘ರಿವನ್’ ಎಂಬ ಅದರ ಉತ್ತರಭಾಗವು ಬಂತು. ಆದರೆ ಅದನ್ನು ಅನುಕರಿಸಿದ ಆಟಗಳಲ್ಲಿ ಬಹುಭಾಗವು ಚಿತ್ರಗಳ ಅಂದವನ್ನು ಮಾತ್ರ ಹಿಡಿದು ಒಳಗಿನ ಕುತೂಹಲವನ್ನು ಮರೆತುವು. ಆ ಬಗೆಯೇ ಕೆಲವು ಕಾಲ ಸೊರಗಿತು. ಡೂಮ್ ಆಟದ ದಾರಿ ಬೇರೆ. ಅದರ ಚಿತ್ರ, ಶಬ್ದ, ಕಟ್ಟಡಗಳನ್ನು ಯಂತ್ರಭಾಗದಿಂದ ಪ್ರತ್ಯೇಕವಾಗಿಟ್ಟಿದ್ದುದರಿಂದ ಆಡುವವರೇ ಹೊಸ ಮಜಲುಗಳನ್ನು ಕಟ್ಟಿ ಹಂಚತೊಡಗಿದರು. ಅಮೆರಿಕಾದ ನೌಕಾಪದಾತಿ ಸೈನ್ಯದವರು ೧೯೯೬ರಲ್ಲಿ ಅದರ ಎರಡನೆಯ ಭಾಗವನ್ನು ಮಾರ್ಪಡಿಸಿ ತಮ್ಮ ಸೈನಿಕರ ಶಿಕ್ಷಣಕ್ಕೆ ಬಳಸಿದರು. ೧೯೯೭ರ ಡಿಸೆಂಬರಿನಲ್ಲಿ ಕಾರ್ಮ್ಯಾಕ್ ಅವರು ಆಟದ ಮೂಲಬರಹವನ್ನೇ ಲೋಕಕ್ಕೆ ಬಿಟ್ಟುಕೊಟ್ಟರು. ಅಂದಿನಿಂದ ಅದು ಮುದ್ರಣಯಂತ್ರ, ಕೈಗಣಕಗಳ ಪರದೆಗಳ ಮೇಲೆಯೂ ಓಡಿರುವುದು. ೨೦೧೯ರಲ್ಲಿ ರೊಮೆರೋ ಅವರು ತಾವೇ ಒಂಬತ್ತು ಹೊಸ ಮಜಲುಗಳನ್ನು ಕಟ್ಟಿ ಪ್ರಕಟಿಸಿದರು. ಕೊಲ್ಲುವುದನ್ನು ಕಲಿಸುವುದೆಂದು ಹಳಿಯಿಸಿಕೊಂಡ ಆಟವು ಸಾವಿರಾರು ಮಂದಿಗೆ ಕಟ್ಟುವುದನ್ನು ಕಲಿಸಿತು.

ಗೌರವವೂ ಎರಡಕ್ಕೆ ಎರಡು ಬಾಗಿಲುಗಳಿಂದ ಬಂತು. ನ್ಯೂಯಾರ್ಕಿನ ಆಧುನಿಕ ಕಲಾಸಂಗ್ರಹಾಲಯವು ೨೦೧೨ರಲ್ಲಿ ಮೊದಲ ಬಾರಿಗೆ ಹದಿನಾಲ್ಕು ವಿಡಿಯೋ ಆಟಗಳನ್ನು ಕಲಾಕೃತಿಗಳೊಡನೆ ಸೇರಿಸಿಕೊಂಡಾಗ ಮಿಸ್ಟ್ ಅವುಗಳಲ್ಲಿ ಒಂದಾಗಿತ್ತು, ಡೂಮ್ ಇರಲಿಲ್ಲ. ರಾಚೆಸ್ಟರ್ ನಗರದ ಆಟಗಳ ವಸ್ತುಸಂಗ್ರಹಾಲಯವು ೨೦೧೫ರಲ್ಲಿ ವಿಡಿಯೋ ಆಟಗಳ ಕೀರ್ತಿಮಂದಿರವನ್ನು ಸ್ಥಾಪಿಸಿ ಮೊದಲನೆಯ ಆರು ಆಟಗಳನ್ನು ಆರಿಸಿದಾಗ ಡೂಮ್ ಅವುಗಳಲ್ಲಿ ಒಂದಾಗಿತ್ತು. ಮಿಸ್ಟ್ ಅಲ್ಲಿಗೆ ಪ್ರವೇಶಿಸಿದುದು ೨೦೨೪ರಲ್ಲಿ. ಕಲೆಯನ್ನು ಅರಸಿದವರಿಗೆ ಒಂದು ಮೊದಲು ಕಂಡಿತು, ಆಟವನ್ನು ಅರಸಿದವರಿಗೆ ಇನ್ನೊಂದು ಮೊದಲು ಕಂಡಿತು. ತೀರ್ಪು ಕೊಡುವವರಿಗೂ ರುಚಿಯುಂಟೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಈ ಎರಡು ಹೊಳೆಗಳು ಮುಂದೆ ಕೂಡಿಯೂ ಇರುವುವು. ೨೦೦೭ರಲ್ಲಿ ಬಂದ ‘ಪೋರ್ಟಲ್’ ಎಂಬ ಆಟದಲ್ಲಿ ಆಟಗಾರನು ಡೂಮ್ ಆಟದವನಂತೆ ತನ್ನ ಕಣ್ಣಿನಿಂದ ನೋಡುತ್ತ, ಕೈಯಲ್ಲಿ ಬಂದೂಕಿನಂತಹ ಸಾಧನವನ್ನು ಹಿಡಿದು ಓಡಾಡುವನು. ಆದರೆ ಆ ಸಾಧನವು ಗುಂಡನ್ನು ಹಾರಿಸದು. ಗೋಡೆಗಳಲ್ಲಿ ದ್ವಾರಗಳನ್ನು ತೆರೆಯುವುದು. ಆ ದ್ವಾರಗಳನ್ನು ಎಲ್ಲಿ ತೆರೆಯಬೇಕೆಂಬುದು ಮಿಸ್ಟ್ ಆಟದ ಒಗಟುಗಳಂತೆಯೇ ಯೋಚಿಸಿ ತಿಳಿಯಬೇಕಾದುದು. ೧೯೯೩ರಲ್ಲಿ ಬೆನ್ನುತಿರುಗಿಸಿ ನಿಂತಿದ್ದ ಎರಡು ಸುಖಗಳು ಹದಿನಾಲ್ಕು ವರ್ಷಗಳ ತರುವಾಯ ಒಂದೇ ಕೈಯಲ್ಲಿ ಸೇರಿದುವು.

ಹಾಗಾದರೆ ಇವೆರಡರಲ್ಲಿ ಯಾವುದು ಶ್ರೇಷ್ಠ? ಈ ಪ್ರಶ್ನೆಗೆ ಉತ್ತರವನ್ನು ಕೊಡಲು ಹೊರಟವನು ತನ್ನನ್ನೇ ತೋರಿಸಿಕೊಳ್ಳುವನಲ್ಲದೆ ಆಟವನ್ನು ತೋರಿಸುವುದಿಲ್ಲ. ಕೇಳಬೇಕಾದ ಪ್ರಶ್ನೆಯೇ ಬೇರೆ: ಈ ಆಟವು ಯಾವ ಸುಖವನ್ನು ಕೊಡಲು ಹೊರಟಿತು, ಅದನ್ನು ಪ್ರಾಮಾಣಿಕವಾಗಿ ಕೊಟ್ಟಿತೇ, ಅದನ್ನು ಪಡೆದವನು ಯಾವನಾಗಿ ಎದ್ದುಬಂದನು? ನಮ್ಮ ಮನೆಗಳಲ್ಲಿಯೂ ಮಗನೋ ಮಗಳೋ ಪರದೆಯ ಮುಂದೆ ಕುಳಿತಿರುವುದನ್ನು ಕಂಡು, ಇದೇನು ಕಾಲಹರಣವೆಂದು ಗದರಿಸುವುದು ಸುಲಭ. ಗದರಿಸುವುದಕ್ಕೆ ಮುಂಚೆ ಅರ್ಧ ಗಳಿಗೆ ಪಕ್ಕದಲ್ಲಿ ಕುಳಿತು, ನೀನು ಇದರಲ್ಲಿ ಏನನ್ನು ಹುಡುಕುತ್ತಿರುವೆ ಎಂದು ಕೇಳಿದರೆ, ಆಟದ ವಿಷಯವು ತಿಳಿಯದಿದ್ದರೂ ಮಗುವಿನ ವಿಷಯವು ತಿಳಿಯುವುದು. ಆ ಉತ್ತರವನ್ನು ಕೇಳಿದ ಮೇಲೆ ನಿಷೇಧಿಸಬೇಕಾದುದು ಇದ್ದರೆ ನಿಷೇಧಿಸಲಿ. ಆ ನಿಷೇಧಕ್ಕೂ ಆಗ ಹೆಚ್ಚು ಬೆಲೆಯುಂಟಾಗುವುದು.